ಹಾಸಿಗೆಯ ಜೊತೆ ಬಂದವನು

ಪ್ರೂಫು ನೋಡುವುದೆಂದರೆ ಕಾಗುಣಿತ ತಿದ್ದುವುದು ಎಂದುಕೊಂಡವರು ಬೇರೆ ಊರಿನವರು. ನಮ್ಮೂರಿನಲ್ಲಿ ಅಕ್ಷರ ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಿತ್ರ ತಪ್ಪಬಾರದು, ಅಷ್ಟೆ. ಇಲ್ಲಿ ಯಾವ ಅಂಗಡಿಯವರು ಗಿಫ್ಟ್ ಕಾರ್ಡು ಅಚ್ಚು ಹಾಕಿಸಿದರೂ, ಆ ಕಾರ್ಡಿನ ಮೇಲೆ ಏನೇನು ಕಾಣುತ್ತದೋ ಅದನ್ನೆಲ್ಲ ಕಾರ್ಡು ತಂದವರಿಗೆ ಕೊಡಬೇಕು. ಕೊಡುವ ತನಕ ಅಂಗಡಿಯ ಷಟರ್ ಕೆಳಗೆ ಬರುವುದಿಲ್ಲ. ಎಣ್ಣೆ ಬಿಟ್ಟು ನಾಲ್ಕು ಜನ ಜೋತುಬಿದ್ದರೂ ಅಲ್ಲಾಡುವುದಿಲ್ಲ.

ನಾನು ಚಿಕ್ಕವಳಿದ್ದಾಗ ಒಂದು ಮಿಠಾಯಿ ಅಂಗಡಿಯವರು ಅಂದಕ್ಕಿರಲಿ ಎಂದು ಕಾರ್ಡಿನ ಮೂಲೆಯಲ್ಲಿ ಒಂದು ಆನೆ ಬರೆಸಿದ್ದರು. ಹನ್ನೊಂದು ದಿನ ಅಂಗಡಿ ತೆರೆದೇ ಇತ್ತು. ಕೊನೆಗೆ ಎಲ್ಲಿಂದಲೋ ಒಂದು ಆನೆಯನ್ನು ನಡೆಸಿಕೊಂಡು ಬಂದು ಕಾರ್ಡು ತಂದಿದ್ದ ಪೋಸ್ಟ್‌ಮನ್‌ಗೆ ಒಪ್ಪಿಸಿದರು. ಅವನು ಮರುದಿನವೇ ಬಂದು, ಸ್ವಾಮಿ, ಜಿಲೇಬಿ ಒಂದೇ ಸಾಕಿತ್ತು ಎಂದು ಅತ್ತ. ಕನ್ನಡಕದ ಅಂಗಡಿಯವರ ಕಾರ್ಡಿನಲ್ಲಿ ಕನ್ನಡಕದ ಹಿಂದೆ ಸಮುದ್ರವಿತ್ತು. ಅವರು ಊರೇ ಬಿಟ್ಟು ಹೋದರು. ಆ ಅಂಗಡಿ ಇವತ್ತಿಗೂ ಹಾಗೇ ತೆರೆದಿದೆ, ಒಳಗೆ ಪಾರಿವಾಳಗಳು ಸಂಸಾರ ಮಾಡಿಕೊಂಡಿವೆ.

ಇಂಥ ಊರಿನಲ್ಲಿ ನಾನು, ಸರ್ವಮಂಗಳ, ಆರಾಧ್ಯರ ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಾರ್ಡಿನ ಪ್ರೂಫು ನೋಡಿದವಳು. ಆರಾಧ್ಯರು ಪ್ರೆಸ್ಸಿನ ಯಜಮಾನರು. ಕಾರ್ಡಿಗೆ ಚಿತ್ರ ಬರೆಯುವವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಬಳ್ಳಿ ಎಂದರೆ ಪ್ರಾಣ. ಸೀರೆ ಅಂಗಡಿಯ ಕಾರ್ಡಿಗೆ ಸುತ್ತಲೂ ಮಲ್ಲಿಗೆ ಬಳ್ಳಿ ಎಳೆಯುತ್ತಿದ್ದರು. ನಾನು ಹೊಡೆದು ಹಾಕುತ್ತಿದ್ದೆ. ಒಂದು ಗಿಣಿ ಕೂರಿಸುತ್ತಿದ್ದರು. ಹೊಡೆದು ಹಾಕುತ್ತಿದ್ದೆ. ಕಡೆಗೆ ಕಾರ್ಡಿನಲ್ಲಿ ಒಂದು ಸೀರೆ ಉಳಿಯುತ್ತಿತ್ತು, ಅದರ ಸೆರಗಿನಲ್ಲಿದ್ದ ನವಿಲನ್ನೂ ನಾನು ಎರಡು ಸಲ ನೋಡುತ್ತಿದ್ದೆ. “ಮಂಗಳಮ್ಮ, ನಿಮ್ಮ ಕಣ್ಣಿಗೆ ಸೌಂದರ್ಯ ಅಂದ್ರೆ ಆಗಲ್ಲ” ಎನ್ನುತ್ತಿದ್ದರು ಮೇಷ್ಟ್ರು. ಸೌಂದರ್ಯ ಕಟ್ಟಿಕೊಂಡು ಷಟರ್ ಇಳಿಯುತ್ತದೆಯೆ? ಇಪ್ಪತ್ತೆಂಟು ವರ್ಷದಲ್ಲಿ ನಾನು ಸಹಿ ಹಾಕಿದ ಒಂದು ಕಾರ್ಡಿನಿಂದಲೂ ಒಂದು ಅಂಗಡಿಯೂ ಒಂದು ಗಂಟೆ ಹೆಚ್ಚಿಗೆ ತೆರೆದಿರಲಿಲ್ಲ. ಇದನ್ನು ನಾನು ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳುತ್ತಿದ್ದೆ. ಕೇಳಿ ಕೇಳಿ ಸಾಕಾದವರು ನನ್ನನ್ನು ಕಂಡರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು.

ಒಂದು ವಿಷಯ ಮಾತ್ರ ಹೇಳಿಕೊಂಡಿರಲಿಲ್ಲ. ಎರಡು ವರ್ಷದಿಂದ ನನಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡರೆ ಜನ ಏನೆಂದಾರು? ಪ್ರೂಫಿನ ಮಂಗಳಮ್ಮನಿಗೆ ಕಣ್ಣು ಹೋಯಿತಂತೆ ಎಂದಾರು. ಅದಕ್ಕೇ ಹಾಳೆಯನ್ನು ಕೈಯಳತೆಯಲ್ಲಿ ಹಿಡಿದು, ಕತ್ತು ಹಿಂದಕ್ಕೆ ಎಳೆದುಕೊಂಡು, ಏನೋ ಗಹನವಾಗಿ ಯೋಚಿಸುತ್ತಿರುವವಳ ಹಾಗೆ ನೋಡುತ್ತಿದ್ದೆ.

ಆ ಸಮಯಕ್ಕೇ ಮರಿಸ್ವಾಮಿಯ ಹಾಸಿಗೆ ಅಂಗಡಿಯ ಕೆಲಸ ಬಂತು. ಲಗ್ನದ ಕಾಲ ಹತ್ತಿರವಾಗಿತ್ತು, ನಲವತ್ತು ಕಾರ್ಡು ಬೇಕಿತ್ತು. ನನ್ನ ಹೊಡೆತಕ್ಕೆ ಬೇಸತ್ತಿದ್ದ ಮೇಷ್ಟ್ರು, “ಚಿತ್ರ ಬೇಡ, ಫೋಟೋನೇ ಹಾಕೋಣ. ಅಂಗಡೀಲಿ ಇರೋ ಹಾಸಿಗೆ ತಾನೆ, ಅದರಲ್ಲಿ ಹೊಡೆದು ಹಾಕೋಕೇನಿದೆ?” ಎಂದು ಕ್ಯಾಮೆರಾ ಹಿಡಿದುಕೊಂಡು ಹೋದರು. ಪ್ರೂಫು ನನ್ನ ಮೇಜಿಗೆ ಬಂತು. ಕಿಟಕಿಯ ಪಕ್ಕ ಒಂದು ಹತ್ತಿ ಹಾಸಿಗೆ. ಅದರ ಮೇಲೆ ಬಿದ್ದ ಬಿಸಿಲು. ತಲೆಯ ಕಡೆ ಎರಡು ದಿಂಬು. ಮಧ್ಯದಲ್ಲಿ ನೀಲಿ ಚೌಕಳಿ ಹೊದಿಕೆ ಮುಚ್ಚಿದ ಒಂದು ಉದ್ದ ದಿಂಬು. ಹಾಸಿಗೆ ಉಂಟು, ದಿಂಬು ಉಂಟು, ಹೊದಿಕೆ ಉಂಟು, ಬಿಸಿಲನ್ನು ದೇವರು ಕೊಡುತ್ತಾನೆ. ಸರಿ ಇದೆ ಎಂದು ಬರೆದು ಸಹಿ ಹಾಕಿದೆ.

ಕಾರ್ಡುಗಳು ಮಾರಾಟವಾದವು. ಮೊದಲ ಕಾರ್ಡು ಹಿಡಿದು ಬಂದವರು ಮಗನ ಮದುವೆ ಮುಗಿಸಿದ್ದ ರಾಜಮ್ಮಣ್ಣಿ. ಮರಿಸ್ವಾಮಿ ಹಾಸಿಗೆ ಸುತ್ತಿ, ದಿಂಬು ಕಟ್ಟಿ, ಹೊದಿಕೆ ಮಡಿಸಿ ಕೊಟ್ಟ. ರಾಜಮ್ಮಣ್ಣಿ ಕಾರ್ಡನ್ನೇ ನೋಡುತ್ತ ನಿಂತರು.

“ಇನ್ನೇನಮ್ಮ?” ಎಂದ ಮರಿಸ್ವಾಮಿ.

“ಮಲಗಿರೋರು ಎಲ್ಲಿ?” ಎಂದರು ರಾಜಮ್ಮಣ್ಣಿ.

ಆ ಸಂಜೆ ಷಟರ್ ಇಳಿಯಲಿಲ್ಲ. ಮರಿಸ್ವಾಮಿ ಕಾರ್ಡು ಹಿಡಿದು ಪ್ರೆಸ್ಸಿಗೆ ಓಡಿ ಬಂದ. ಆರಾಧ್ಯರು ಭೂತಗನ್ನಡಿ ತರಿಸಿದರು. ನಾನೂ ನೋಡಿದೆ. ನಾನು ಉದ್ದ ದಿಂಬು ಎಂದುಕೊಂಡದ್ದಕ್ಕೆ ಒಂದು ಎಡಗಾಲಿತ್ತು. ಹೊದಿಕೆಯ ಆಚೆ ಐದು ಬೆರಳೂ ಕಾಣುತ್ತಿದ್ದವು. ದಿಂಬುಗಳ ನಡುವೆ ಅರ್ಧ ಮುಖ, ಸ್ವಲ್ಪ ತೆರೆದ ಬಾಯಿ.

“ಇವ್ನು ನಮ್ ಕಪನಯ್ಯ” ಎಂದ ಮರಿಸ್ವಾಮಿ.

ಕಪನಯ್ಯ ಎಂದರೆ ಮರಿಸ್ವಾಮಿಯ ಹೆಂಡತಿ ದಾಕ್ಷಾಯಿಣಿಯ ತಮ್ಮ. ನಲವತ್ತು ದಾಟಿತ್ತು, ಮದುವೆಯಿಲ್ಲ, ಕೆಲಸವಿಲ್ಲ. ಅಕ್ಕನ ಮನೆಯಲ್ಲಿ ಊಟ, ಭಾವನ ಅಂಗಡಿಯಲ್ಲಿ ನಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವುದು ಅವನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಫೋಟೋದ ದಿನ ಮೇಷ್ಟ್ರು ಕಾಫಿಗೆಂದು ಎದ್ದು ಹೋದಾಗ, ಬಿಸಿಲು ಬಿದ್ದ ಹೊಸ ಹಾಸಿಗೆ ಖಾಲಿ ಇದೆಯಲ್ಲ ಎಂದು ಇವನು ಮಲಗಿದ್ದಾನೆ. ಮೇಷ್ಟ್ರು ಬಂದು, ಯಾರೋ ಉದ್ದ ದಿಂಬು ಇಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದು ಫೋಟೋ ತೆಗೆದಿದ್ದಾರೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಬಿಡಲಿಲ್ಲ. ಮಸಿ ಹೆಚ್ಚಾಗಿತ್ತು ಎಂದೆ. ಕಾಗದ ಒರಟು ಎಂದೆ. ಅವತ್ತು ಮೋಡ ಕವಿದಿತ್ತು ಎಂದೂ ಹೇಳಿದೆ. ಕಣ್ಣಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಆರಾಧ್ಯರು ಎಲ್ಲ ಕೇಳಿ, “ಮಂಗಳಮ್ಮ, ನೀವು ಆ ಅಂಗಡೀಗೆ ಹೋಗಿ ಕೂತ್ಕೊಳ್ಳಿ. ಷಟರ್ ಪೂರ್ತಿ ಇಳಿದ ದಿನ ವಾಪಸ್ ಬನ್ನಿ. ಇಳೀದಿದ್ರೆ ಬರ್ಬೇಡಿ. ನಮ್ ತಂಗಿ ಮಗಳಿದ್ದಾಳೆ, ಅವಳ ಕಣ್ಣು ಚುರುಕಾಗಿದೆ” ಎಂದರು. ನನಗೆ ಆ ಕೆಲಸ ಬಿಟ್ಟರೆ ಊರಿನಲ್ಲಿ ಬೇರೆ ಹೆಸರಿಲ್ಲ. ಪ್ರೂಫು ನೋಡದ ಸರ್ವಮಂಗಳ ಯಾರು ಎಂದು ಕೇಳಿದರೆ ನನಗೇ ಗೊತ್ತಿರಲಿಲ್ಲ. ಚೀಲ ತೆಗೆದುಕೊಂಡು ಹೊರಟೆ.

ಸುದ್ದಿ ಕೇಳಿ ಮರುದಿನ ಮೂವತ್ತೊಂಬತ್ತು ಮನೆಯವರೂ ಕಾರ್ಡು ಹಿಡಿದು ಬಂದರು. ನಮಗೇನೂ ಅವರು ಬೇಕಾಗಿಲ್ಲ, ಆದರೂ ಕಾರ್ಡಿನಲ್ಲಿರೋದನ್ನ ಬಿಡೋಕಾಗುತ್ತಾ, ಎಂದು ಎಲ್ಲರದ್ದೂ ಒಂದೇ ಮಾತು. ಕಪನಯ್ಯನನ್ನು ಮೊದಲು ರಾಜಮ್ಮಣ್ಣಿಯವರ ಮನೆಗೆ ಹಾಸಿಗೆಯ ಜೊತೆಗೇ ಗಾಡಿಯಲ್ಲಿ ಕಳುಹಿಸಿದೆವು. ಅವನು ಹೋಗಿ ನಿಂತ, ನಮಸ್ಕಾರ ಮಾಡಿದ, ಷಟರ್ ಅಲ್ಲಾಡಲಿಲ್ಲ. ಹಾಸಿಗೆ ಹಾಸಿ ಮಲಗಿಸಿದರು. ಆಗಲೂ ಇಲ್ಲ. ನಾನು ಕಾರ್ಡು ಹಿಡಿದುಕೊಂಡು ಓಡಿದೆ. ರಾಜಮ್ಮಣ್ಣಿಯವರ ಕನ್ನಡಕವನ್ನು ಒಂದು ನಿಮಿಷಕ್ಕೆಂದು ಇಸಿದುಕೊಂಡು, ಕಾರ್ಡನ್ನೂ ಕಪನಯ್ಯನನ್ನೂ ಒಟ್ಟಿಗೆ ನೋಡಿದೆ. ಬಲಗಾಲು ಹೊರಗಿತ್ತು. ಒಳಗೆ ಹಾಕಿಸಿ ಎಡಗಾಲು ತೆಗೆಸಿದೆ. ಹೊದಿಕೆಯನ್ನು ನಾಲ್ಕು ಬೆರಳು ಕೆಳಗೆ ಎಳೆದೆ. ಹಾಸಿಗೆಯನ್ನು ಬಿಸಿಲು ಬೀಳುವ ಕಡೆಗೆ ತಿರುಗಿಸಿದೆ. ಅವನಿಗೆ ನಿದ್ದೆ ಹತ್ತಿತು, ಬಾಯಿ ಸ್ವಲ್ಪ ತೆರೆಯಿತು. ಆ ಕ್ಷಣಕ್ಕೇ ಅಂಗಡಿಯಲ್ಲಿ ಷಟರ್ ಕಿರ್ ಎಂದು ಎರಡು ಬೆರಳಗಲ ಇಳಿಯಿತಂತೆ.

ಹೀಗೆ ದಿನಕ್ಕೊಂದು ಮನೆ. ಚಿತ್ರದಲ್ಲಿ ಇದ್ದದ್ದು ಮಧ್ಯಾಹ್ನದ ಬಿಸಿಲಾದ್ದರಿಂದ ಎರಡರಿಂದ ನಾಲ್ಕು ಗಂಟೆಯ ಒಳಗೆ ಮಾತ್ರ. ಮೋಡವಿದ್ದ ದಿನ ಲೆಕ್ಕಕ್ಕಿಲ್ಲ. ಪಡುವಣಕ್ಕೆ ಕಿಟಕಿಯಿಲ್ಲದ ಮನೆಯವರು ಪಕ್ಕದ ಮನೆಯ ನಡುಮನೆಯನ್ನು ಕೇಳಿಕೊಂಡರು. ನನಗೆ ಇದೂ ಒಂದು ಪ್ರೂಫಿನ ಕೆಲಸವೇ ಆಯಿತು. ಕಾರ್ಡು ಮೂಲ, ಕಪನಯ್ಯ ನಕಲು. “ಸ್ವಲ್ಪ ಎಡಕ್ಕೆ. ಕತ್ತು ಮೇಲೆ. ಹೂಂ, ಹಾಗೇ ಇರು” ಎಂದು ತಿದ್ದುತ್ತಿದ್ದೆ. ಅವನು ಮಾತಾಡದೆ ತಿದ್ದಿಸಿಕೊಳ್ಳುತ್ತಿದ್ದ.

ಊರೂ ಒಗ್ಗಿಕೊಂಡಿತು. ಒಂದು ಮನೆಯಲ್ಲಿ ಅವನಿಗೆ ಎಣ್ಣೆ ಸ್ನಾನ ಮಾಡಿಸಿ ಮಲಗಿಸಿದರು. ಇನ್ನೊಂದು ಮನೆಯಲ್ಲಿ ಹೋಳಿಗೆ ಊಟ ಹಾಕಿ, ಅವನು ಮಲಗಿದ ಮೇಲೆ ನೆಂಟರನ್ನೆಲ್ಲ ಕರೆದು ತೋರಿಸಿದರು. “ಫೋಟೋದಲ್ಲಿ ಇನ್ನೂ ಸ್ವಲ್ಪ ಕೆಂಪಗಿದ್ರು” ಎಂದು ಒಬ್ಬ ಹೆಂಗಸು ತಕರಾರು ತೆಗೆದಳು. ಮಸಿ ಹೆಚ್ಚಾಗಿತ್ತು ಎಂದೆ.

ಅಂಗಡಿಯಲ್ಲಿ ಮಾತ್ರ ದಿನದಿನಕ್ಕೂ ಷಟರ್ ಕೆಳಗೆ ಬರುತ್ತಿತ್ತು. ಮೊದಲು ಎತ್ತರದ ಗಿರಾಕಿಗಳು ತಲೆ ತಗ್ಗಿಸಿದರು. ಆಮೇಲೆ ಎಲ್ಲರೂ ಬಗ್ಗಿದರು. ಹಗಲು ಮರಿಸ್ವಾಮಿ, ಸಂಜೆಯ ಮೇಲೆ ದಾಕ್ಷಾಯಿಣಿ ಕಾವಲು. ಗಂಡ ಹೆಂಡತಿ ಒಟ್ಟಿಗೆ ಊಟ ಮಾಡಿ ತಿಂಗಳಾಗಿತ್ತು. “ಹತ್ತು ವರ್ಷದಿಂದ ಅನ್ನ ಹಾಕಿದ್ದಕ್ಕೆ ಅಂಗಡಿ ಬಾಗಿಲು ಹಾಕದ ಹಾಗೆ ಮಾಡಿದ” ಎಂದು ದಾಕ್ಷಾಯಿಣಿ ತಮ್ಮನ ಎದುರಿಗೇ ಗಿರಾಕಿಗಳಿಗೆ ಹೇಳುತ್ತಿದ್ದಳು. ಅವನು ಹತ್ತಿ ಮೂಟೆಗಳ ಹಿಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದ.

ಇಪ್ಪತ್ತೊಂಬತ್ತು ಮನೆ ಮುಗಿದು ಹನ್ನೊಂದು ಉಳಿದಾಗ ಕಪನಯ್ಯನಿಗೆ ನಿದ್ದೆ ಬರಲಿಲ್ಲ.

ನಾನು ಮೊದಲ ದಿನ ನಂಬಲಿಲ್ಲ. ಕಣ್ಣು ಮುಚ್ಚು ಎಂದೆ, ಮುಚ್ಚಿದ. ಬಾಯಿ ತೆರೆ ಎಂದೆ, ತೆರೆದ. ಕಾಲು, ಹೊದಿಕೆ, ಬಿಸಿಲು ಎಲ್ಲ ಸರಿಯಿತ್ತು. ಷಟರ್ ಮಿಸುಕಲಿಲ್ಲ. ಎರಡನೆಯ ದಿನವೂ ಹಾಗೇ. ಗಸಗಸೆ ಪಾಯಸ ಕುಡಿಸಿದರು. ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು. ಒಬ್ಬ ಅಜ್ಜಿ ಜೋಗುಳ ಹಾಡಿ, ತಾನೇ ನಿದ್ದೆ ಹೋದಳು. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎನ್ನುತ್ತಾರೆ. ಇವನ ನಿದ್ದೆಗೆ ಸುಖವೇ ಉರುಲಾಯಿತೋ ಏನೋ. ಎಂಟು ದಿನ ಕಳೆಯಿತು. ಷಟರ್ ತೊಡೆಯೆತ್ತರಕ್ಕೆ ಬಂದು ನಿಂತಿತ್ತು. ಲಗ್ನದ ಗಿರಾಕಿಗಳು ಅಂಬೆಗಾಲಿಟ್ಟು ಒಳಗೆ ಬಂದು, ಹಾಸಿಗೆ ಆರಿಸಿ, ಅಂಬೆಗಾಲಿನಲ್ಲೇ ಹೊರಗೆ ಹೋಗುತ್ತಿದ್ದರು. ಆರಾಧ್ಯರು ತಂಗಿಯ ಮಗಳನ್ನು ಕರೆಸಿ ನನ್ನ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂದು ಮೇಷ್ಟ್ರು ಬಂದು ಹೇಳಿ ಹೋದರು. ಅವಳು ಬಳ್ಳಿಯನ್ನು ಬಿಡುತ್ತಾಳೆ ಎಂದು ಅವರಿಗೆ ಒಳಗೊಳಗೇ ಖುಷಿ.

ಒಂಬತ್ತನೆಯ ದಿನ ಒಬ್ಬ ಟೈಲರ್ ಮನೆಯಲ್ಲಿ ಕಪನಯ್ಯ ಮಲಗಿದ್ದ. ಮನೆಯವರೆಲ್ಲ ಹೊರಗೆ ಜಗಲಿಯಲ್ಲಿ ಕೂತಿದ್ದರು. ಒಳಗೆ ಅವನು, ನಾನು, ಕಾರ್ಡು.

“ಏನಪ್ಪ ನಿನ್ನ ಕಷ್ಟ?” ಎಂದು ಕೇಳಿದೆ. ಸಿಟ್ಟಿನಲ್ಲೇ ಕೇಳಿದ್ದು.

“ಮೊದ್ಲು ನಿದ್ದೆ ನಂದಾಗಿತ್ತು ಮಂಗಳಕ್ಕ” ಎಂದ ಅವನು ಸೂರು ನೋಡುತ್ತ. “ಇನ್ನೇನೂ ನಂದಲ್ಲ. ಊಟ ಅಕ್ಕಂದು, ಜಾಗ ಭಾವಂದು, ಹಾಕ್ಕೊಂಡಿರೋ ಅಂಗಿ ಭಾವಂದು. ನಿದ್ದೆ ಒಂದೇ ನಾನು ಸ್ವಂತ ಮಾಡ್ತಿದ್ದಿದ್ದು. ಈಗ ಅದೂ ಅಂಗಡಿ ಸಾಮಾನಾಯ್ತು. ಕಣ್ಣು ಮುಚ್ಚಿದ್ರೆ ಇದು ಯಾರ್ ಮನೇದಪ್ಪ ಅನ್ಸುತ್ತೆ.”

ಮಸಿ ಹೆಚ್ಚಾಗಿತ್ತು ಎನ್ನಲೆ? ಒಂದೂವರೆ ತಿಂಗಳಿಂದ ಅವನ ಕಾಲು ಕತ್ತು ತಿದ್ದುತ್ತಿದ್ದೆ, ಒಂದು ದಿನವೂ ಅವನ ಮುಖ ನೋಡಿ ಮಾತಾಡಿರಲಿಲ್ಲ. ನಾಚಿಕೆಯಾಯಿತು. ಅಳುವೂ ಬಂತು, ಸುಳ್ಳೇಕೆ ಹೇಳಲಿ.

“ತಪ್ಪು ನಂದೇ ಕಣಪ್ಪ” ಎಂದೆ. “ಮಸಿದಲ್ಲ, ಕಾಗದದ್ದಲ್ಲ. ನಂಗೆ ಎರಡು ವರ್ಷದಿಂದ ಕಣ್ಣು ಕಾಣಿಸ್ತಿಲ್ಲ. ಕನ್ನಡಕ ಹಾಕ್ಕೊಂಡ್ರೆ ಮರ್ಯಾದೆ ಹೋಗುತ್ತೆ ಅಂತ ಸುಮ್ನಿದ್ದೆ. ನಾನು ನಿನ್ನನ್ನ ದಿಂಬು ಅಂದ್ಕೊಂಡುಬಿಟ್ಟೆ.”

ಅವನು ನನ್ನ ಕಡೆ ತಿರುಗಿದ. ಆಮೇಲೆ ನಗತೊಡಗಿದ. ಹೊದಿಕೆಯೆಲ್ಲ ಕುಲುಕುವ ಹಾಗೆ ನಕ್ಕ.

“ಕಣ್ಣು ಚೆನ್ನಾಗಿರೋರೂ ಹಾಗೇ ಅಂದ್ಕೊಂಡಿದ್ದಾರೆ ಬಿಡಿ” ಎಂದ. “ನೀವಾದ್ರೂ ಬಾಯ್ಬಿಟ್ಟು ಹೇಳಿದ್ರಿ.”

“ಬೇಜಾರಿಲ್ವ?”

“ಇದೆ” ಎಂದ. “ಇದ್ರೂ ಪರ್ವಾಗಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಅವನ ಮಾತು ನಿಂತಿತು. ಅವನು ನನ್ನ ಕಡೆಗೇ ಮಗ್ಗುಲಾಗಿದ್ದ. ಕಾರ್ಡಿನಲ್ಲಿದ್ದ ಹಾಗೆ ಅಲ್ಲವೇ ಅಲ್ಲ. ಎಡಗಾಲು ಒಳಗೇ ಇತ್ತು. ತಿದ್ದೋಣ ಎಂದು ಕೈ ಚಾಚಿದವಳು ಹಿಂದೆಗೆದುಕೊಂಡೆ. ಬೀದಿಯ ಕೊನೆಯಿಂದ ಯಾರೋ, “ಇಳೀತು, ಇಳೀತು” ಎನ್ನುತ್ತ ಓಡಿ ಬಂದರು. ನಾನು ಬಾಗಿಲಿಗೆ ಹೋಗಿ, ಮೆಲ್ಲಗೆ ಮಾತಾಡಿ, ಮಲಗಿದ್ದಾನೆ ಎಂದೆ.

ಸಂಜೆಯೇ ಪಕ್ಕದ ಊರಿಗೆ ಹೋಗಿ ಕನ್ನಡಕಕ್ಕೆ ಅಳತೆ ಕೊಟ್ಟೆ. ಊರಿನವರು ಎರಡು ದಿನ ಆಡಿಕೊಂಡರು, ಮೂರನೆಯ ದಿನ ಅವರಿಗೇ ಬೇಸರವಾಯಿತು. ಷಟರಿಗೆ ಬೇಕಿದ್ದದ್ದು ಕಾಲು ಕತ್ತಲ್ಲ, ನಿಜವಾದ ನಿದ್ದೆ ಎಂದು ಗೊತ್ತಾಗಿತ್ತು, ಉಳಿದ ಹತ್ತು ಮನೆಗಳಲ್ಲಿ ನಾನು ಕಾರ್ಡನ್ನು ಚೀಲದಿಂದ ತೆಗೆಯಲೇ ಇಲ್ಲ. “ಕಪನಯ್ಯ, ಇಲ್ಲಿ ಮಲಗ್ತೀಯಾ?” ಎಂದು ಕೇಳುತ್ತಿದ್ದೆ. ಒಂದು ಮನೆಯಲ್ಲಿ ಬೇಡ ಎಂದ, ಅಲ್ಲಿ ಸಾರಿನ ಪುಡಿ ಹುರಿಯುತ್ತಿದ್ದರು, ಘಾಟು. ಮಾರನೆಯ ದಿನ ಹೋದೆವು. ನಲವತ್ತನೆಯ ಮನೆಯ ಮಧ್ಯಾಹ್ನ ಷಟರ್ ನೆಲ ಮುಟ್ಟಿತು. ಒಳಗಿದ್ದ ಮರಿಸ್ವಾಮಿ, ತಾನು ಒಳಗಿದ್ದೇನೆಂಬುದನ್ನು ಮರೆತು ಚಪ್ಪಾಳೆ ಹೊಡೆದನಂತೆ.

ನಾನು ನನ್ನ ಕುರ್ಚಿಗೆ ಮರಳಿದೆ. ವಾರವಾಗಿರಲಿಲ್ಲ, ಮೇಜಿನ ಮೇಲೆ ಒಂದು ಹೊಸ ಪ್ರೂಫು ಬಂತು. ಮರಿಸ್ವಾಮಿಯ ಅಂಗಡಿಯದೇ. ಈ ಸಲ ಮುನ್ನೂರು ಕಾರ್ಡು. ಅದೇ ಹಾಸಿಗೆ, ಅದೇ ಕಿಟಕಿ, ಅದೇ ಫೋಟೋ. ಕಪನಯ್ಯ ಸ್ಪಷ್ಟವಾಗಿ ಕಾಣಲಿ ಎಂದು ಮೇಷ್ಟ್ರು ಹೊದಿಕೆಯನ್ನು ತಿಳಿ ಮಾಡಿದ್ದರು. ಸುತ್ತ ಒಂದು ಬಳ್ಳಿಯೂ ಇತ್ತು. ಆ ನಲವತ್ತು ಮನೆಯವರು, ಅವನು ಮಲಗಿ ಎದ್ದ ಹಾಸಿಗೆಯಲ್ಲಿ ಏನು ನಿದ್ದೆ ಅಂತೀರಿ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಬರಿಯ ಹಾಸಿಗೆಯನ್ನು ಈಗ ಯಾರೂ ಕೇಳುತ್ತಿರಲಿಲ್ಲ.

“ಬಳ್ಳಿ ತೆಗೀರಿ, ಮನುಷ್ಯ ಇರ್ಲಿ” ಎಂದರು ಆರಾಧ್ಯರು. “ಇದು ತಪ್ಪಲ್ಲ ಮಂಗಳಮ್ಮ, ಅವ್ರೇ ಕೇಳಿರೋದು. ಸಹಿ ಹಾಕಿ.”

“ಒಂದ್ಸಲ ಅಂಗಡೀಗೆ ಹೋಗಿ ಬರ್ತೀನಿ.”

“ಪ್ರೂಫು ಪ್ರೆಸ್ಸಿನಿಂದ ಹೊರಗೆ ಹೋಗೋ ಪದ್ಧತಿ ಇಲ್ಲ. ಮತ್ತೆ ಮೊದಲಿನ ಹಾಗೆ ಆದ್ರೆ ಈ ಸಲ ನಾನು ಕೇಳೋನಲ್ಲ.”

ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ತಂಗಿಯ ಮಗಳು ಕಿಟಕಿಯ ಬಳಿ ನಿಂತೇ ಇದ್ದಳು. ಆದರೂ ಪ್ರೂಫನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಕಪನಯ್ಯ ಹತ್ತಿ ಮೂಟೆಗಳ ಹಿಂದೆ ಎಚ್ಚರವಾಗಿ ಕೂತಿದ್ದ. ಹಾಳೆಯನ್ನು ಅವನ ಮುಂದೆ ಇಟ್ಟೆ. ಅವನು ತನ್ನ ನಿದ್ದೆಯನ್ನು ಮೊದಲ ಸಲ ನೋಡುತ್ತಿದ್ದ.

“ಚೆನ್ನಾಗ್ ಮಲಗಿದ್ದೀನಿ” ಎಂದ. ಆಮೇಲೆ, “ಮುನ್ನೂರಾ?” ಎಂದ.

“ಮುನ್ನೂರು. ಇರಬೇಕಾ, ತೆಗೀಬೇಕಾ, ನೀನೇ ಹೇಳು.”

“ತೆಗೆದ್ರೆ ನಿಮ್ ಕೆಲ್ಸ?”

“ಅದು ನನ್ ಪಾಡು.”

ಅವನು ಪೆನ್ನು ಕೇಳಿದ. ಹಾಸಿಗೆಗೆ ತಾಗದ ಹಾಗೆ, ದಿಂಬಿಗೆ ತಾಗದ ಹಾಗೆ, ನಿಧಾನವಾಗಿ, ತನ್ನ ಸುತ್ತ ಒಂದು ಗೆರೆ ಎಳೆದು, ಅಡ್ಡ ಹೊಡೆದ. ಇಪ್ಪತ್ತೆಂಟು ವರ್ಷದಲ್ಲಿ ನಾನೂ ಅಷ್ಟು ನೀಟಾಗಿ ಯಾವುದನ್ನೂ ಹೊಡೆದು ಹಾಕಿಲ್ಲ. ನಾನು ಕೆಳಗೆ ಸಹಿ ಹಾಕಿದೆ.

ಮರಿಸ್ವಾಮಿ ಬಂದು ನೋಡಿ ಕೂಗಾಡಿದ. “ಭಾಮೈದನ್ನ ಏನು ಕೇಳೋದು? ಇವ್ನು ಮಲಗೋಕೂ ಅಪ್ಪಣೆ ಬೇಕಾ? ಆರಾಧ್ಯರಿಗೆ ಹೇಳ್ತೀನಿ ತಾಳಿ” ಎಂದ. ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಒಬ್ಬ ಗಿರಾಕಿ ಹಾಸಿಗೆ ಆರಿಸಿ, ದಾಕ್ಷಾಯಿಣಿಯನ್ನು ಕೇಳುತ್ತಿದ್ದ. “ಅಮ್ಮ, ಇದರ ಜೊತೆ ಅವ್ರು ಬರ್ತಾರಲ್ವಾ?”

ದಾಕ್ಷಾಯಿಣಿ ಗಂಡನ ಕೂಗಾಟ ಕೇಳಿಸಿಕೊಂಡಿದ್ದಳು. ನನ್ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, ಗೆರೆ ಹೊಡೆದದ್ದನ್ನು ನೋಡಿದಳು. ಅದು ಯಾರ ಕೈ ಎಂದು ಅವಳಿಗೆ ತಿಳಿಯಿತು. ಹಾಳೆಯನ್ನು ಮಡಿಸಿ ನನಗೇ ವಾಪಸ್ ಕೊಟ್ಟಳು.

“ಬರಲ್ಲ” ಎಂದಳು ಗಿರಾಕಿಗೆ. “ಹಾಸಿಗೆ ಎಷ್ಟು ಬೇಕಾದ್ರೂ ತಗೊಂಡ್ಹೋಗಿ. ಅವ್ನು ನನ್ ತಮ್ಮ.”

ಮರಿಸ್ವಾಮಿ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ. ಮೂಟೆಗಳ ಹಿಂದಿನಿಂದ ಕಪನಯ್ಯ ಎದ್ದು ಬಂದು, ಯಾರೂ ಹೇಳದೆ, ಗಿರಾಕಿ ಆರಿಸಿದ ಹಾಸಿಗೆಯನ್ನು ಸುತ್ತಿ ಹಗ್ಗ ಬಿಗಿದ. ಹತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಅವನು ಮಾಡಿದ ಮೊದಲ ಕೆಲಸ ಅದು. ಗಂಟು ಸರಿಯಾಗಿ ಬಿದ್ದಿರಲಿಲ್ಲ. ಕನ್ನಡಕದಲ್ಲಿ ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಏನೂ ಹೇಳಲಿಲ್ಲ.